ಮೊಣಕಾಲುದ್ದದ ನೀರು, ಆಳುದ್ದದ ನೀರು: ಹೊಳೆಯ ಹಕ್ಕಿಗಳೂ ಗಾಳದವರೂ

ಡಿಸೆಂಬರ್ ತಿಂಗಳಲ್ಲಿ ಬೆಳಿಗ್ಗೆ ಆರೂವರೆಯ ಹೊತ್ತಿಗೆ ಶ್ರೀರಂಗಪಟ್ಟಣದ ಆಸುಪಾಸಿನ ಕಾವೇರಿ ದಂಡೆಗೆ ಹೋಗಿ, ಒಂದು ಬಂಡೆಯ ಮೇಲೆ ಅರ್ಧ ಗಂಟೆ ಅಲುಗಾಡದೆ ಕುಳಿತರೆ, ನೂರು ಮಾರು ಉದ್ದದ ಹರಿವಿನಲ್ಲಿ ಏಳೆಂಟು ಬಗೆಯ ಮೀನುಗಾರರು ಕಣ್ಣಿಗೆ ಬೀಳುತ್ತಾರೆ. ಕೆಸರಂಚಿನಲ್ಲಿ ಕೊಳದ ಬಕ ಕುತ್ತಿಗೆ ಕುಗ್ಗಿಸಿ ಕುಳಿತಿರುತ್ತದೆ. ಅಲ್ಲಿಂದ ನಾಲ್ಕು ಹೆಜ್ಜೆ ಒಳಗೆ ಸಣ್ಣ ಬೆಳ್ಳಕ್ಕಿ ಕಾಲಾಡಿಸುತ್ತಾ ನಡೆಯುತ್ತದೆ. ಅದಕ್ಕೂ ಆಚೆ ಮೊಣಕಾಲುದ್ದದ ನೀರಿನಲ್ಲಿ ಬೂದು ಬಕ ಗೂಟ ನೆಟ್ಟಂತೆ ನಿಂತಿರುತ್ತದೆ. ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಮಿಂಚುಳ್ಳಿ, ನಡುಹೊಳೆಯ ಬಂಡೆಯ ಮೇಲೆ ರೆಕ್ಕೆ ಹರಡಿ ನಿಂತ ನೀರುಕಾಗೆ, ಮಡುವಿನಲ್ಲಿ ಕತ್ತನ್ನಷ್ಟೇ ಹೊರಗಿಟ್ಟು ಈಜುವ ಹಾವಕ್ಕಿ. ಇವುಗಳ ನಡುವೆ ತೆಪ್ಪದಲ್ಲಿ ಕುಳಿತು ಬಲೆ ಎಳೆಯುವ ಗಂಡ ಹೆಂಡತಿ, ದಂಡೆಯಲ್ಲಿ ಗಾಳ ಹಾಕಿ ಕಾಯುವ ಹುಡುಗರು. ಇಷ್ಟು ಮಂದಿ ಒಂದೇ ನೀರಿನಿಂದ ಮೀನು ತೆಗೆಯುತ್ತಿದ್ದರೂ ಅವರ ನಡುವೆ ಜಗಳ ಕಾಣುವುದು ಅಪರೂಪ.

ಇವರೆಲ್ಲರಿಗೂ ಪಾಲು ಹಂಚಿಕೊಟ್ಟಿರುವುದು ನೀರಿನ ಆಳ. ಎರಡು ಗೇಣು ನೀರಿನಲ್ಲಿ ಮೀನು ಹಿಡಿಯಬಲ್ಲ ಹಕ್ಕಿಗೆ ಆಳುದ್ದದ ಮಡುವಿನಲ್ಲಿ ಏನೂ ದಕ್ಕುವುದಿಲ್ಲ. ಮಡುವಿನಲ್ಲಿ ಮುಳುಗಿ ಬೇಟೆಯಾಡುವ ಹಕ್ಕಿಗೆ ಅಂಚಿನ ತೆಳುನೀರಿನಲ್ಲಿ ಮೈ ತಿರುಗಿಸಲು ಜಾಗ ಸಾಲದು. ಗಾಳ ಹಿಡಿಯುವುದನ್ನು ನನಗೆ ಕಲಿಸಿದ ಸೋದರಮಾವ ಹೊಳೆಗೆ ಹೋದೊಡನೆ ಚೀಲ ಬಿಚ್ಚುತ್ತಿರಲಿಲ್ಲ. ದಂಡೆಯಲ್ಲಿ ಕುಳಿತು ಹಕ್ಕಿಗಳನ್ನು ನೋಡುತ್ತಿದ್ದರು. "ಬೆಳ್ಳಕ್ಕಿ ಎಲ್ಲಿ ನಿಂತಿದೆ ನೋಡು, ಮರಿ ಮೀನು ಅಲ್ಲಿದೆ. ಮರಿ ಇದ್ದ ಕಡೆಗೆ ದೊಡ್ಡದು ಪಕ್ಕದ ಮಡುವಿನಿಂದ ಬಂದೇ ಬರುತ್ತೆ" ಎನ್ನುತ್ತಿದ್ದರು. ಹಕ್ಕಿ ನೋಡುವವರು ಒಂದು ಗುಂಪು, ಮೀನು ಹಿಡಿಯುವವರು ಇನ್ನೊಂದು ಗುಂಪು ಎಂಬ ಈಗಿನ ವಿಂಗಡಣೆ ಅವರಿಗೆ ಅರ್ಥವಾಗುತ್ತಲೇ ಇರಲಿಲ್ಲವೇನೋ. ಹೊಳೆಯನ್ನು ಓದಲು ಇವೆರಡೂ ಒಟ್ಟಿಗೇ ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗೇಕೆ ಎಂಬುದನ್ನು ಅಂಚಿನ ತೆಳುನೀರಿನಿಂದ ಆರಂಭಿಸಿ ಮಡುವಿನವರೆಗೆ ವಿವರಿಸುತ್ತೇನೆ.

ದಂಡೆಯಲ್ಲಿ ನಿಂತ ಬಕಕ್ಕೆ ಎದುರಾಗುವ ಮೊದಲ ತೊಡಕು ಬೆಳಕಿನದು. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುವುದರಿಂದ, ನೇರ ಮೇಲಿನಿಂದ ನೋಡಿದರೂ ನೀರಿನೊಳಗಿನ ವಸ್ತು ತಾನಿರುವ ಆಳದ ಮುಕ್ಕಾಲು ಪಾಲಿನಲ್ಲೇ ಇರುವಂತೆ ತೋರುತ್ತದೆ. 40 ಸೆಂಟಿಮೀಟರ್ ಆಳದಲ್ಲಿರುವ ಮೀನು 30 ಸೆಂಟಿಮೀಟರಿನಲ್ಲಿ ಇದೆಯೆಂದು ಕಣ್ಣು ಹೇಳುತ್ತದೆ. ಓರೆಯಾಗಿ ನೋಡಿದಷ್ಟೂ ಈ ತಪ್ಪು ಹೆಚ್ಚುತ್ತದೆ. ಸ್ನಾನದ ಹಂಡೆಯ ತಳದಲ್ಲಿ ಬಿದ್ದ ಉಂಗುರಕ್ಕೆ ಕೈ ಹಾಕುವಾಗ ನಾವು ಅಂದುಕೊಂಡದ್ದಕ್ಕಿಂತ ಕೆಳಗೆ ಕೈ ಇಳಿಸಬೇಕಾಗುವುದು ಇದೇ ಕಾರಣಕ್ಕೆ. ನಮಗೆ ತಡವರಿಸಲು ಸಮಯವುಂಟು. ಬಕಕ್ಕೆ ಸಿಗುವುದು ಒಂದೇ ಏಟು. ಸಣ್ಣ ಬೆಳ್ಳಕ್ಕಿಯ ಮೇಲೆಯೂ ಅದರ ಹತ್ತಿರದ ಸಂಬಂಧಿಯಾದ ಕಡಲಂಚಿನ ಬಕದ ಮೇಲೆಯೂ ನಡೆದ ಪ್ರಯೋಗಗಳು, ಈ ಹಕ್ಕಿಗಳು ಕಣ್ಣಿಗೆ ಕಾಣುವ ಜಾಗಕ್ಕೆ ಕೊಕ್ಕು ಹಾಕದೆ, ಮೀನು ನಿಜವಾಗಿ ಇರುವ ಜಾಗವನ್ನು ಅಂದಾಜು ಮಾಡಿ ಹೊಡೆಯುತ್ತವೆ ಎಂಬುದನ್ನು ತೋರಿಸಿವೆ. ಹೊಡೆಯುವ ಮುನ್ನ ಬಕ ತಲೆಯನ್ನು ನಿಧಾನವಾಗಿ ಮುಂದೆ ಚಾಚಿ, ಸ್ವಲ್ಪ ಓಲಿಸಿ, ಒಂದು ಗಳಿಗೆ ನಿಲ್ಲಿಸುವುದನ್ನು ದುರ್ಬೀನಿನಲ್ಲಿ ಗಮನಿಸಿ ನೋಡಿ. ಮೀನಿನ ತೋರಿಕೆಯ ಆಳಕ್ಕೂ ನಿಜವಾದ ಆಳಕ್ಕೂ ಇರುವ ಲೆಕ್ಕ ಸರಿಯಾಗಿ ಕೂಡುವ ಕೋನವನ್ನು ಅದು ಹುಡುಕುತ್ತಿರುತ್ತದೆ.

ಸಣ್ಣ ಬೆಳ್ಳಕ್ಕಿಯ ವಿಧಾನ ಬೇರೆ. ಅದರ ಕಾಲು ಕಪ್ಪು, ಪಾದ ಮಾತ್ರ ಹಳದಿ. ಒಂದು ಕಾಲನ್ನು ಮುಂದಿಟ್ಟು ಕಲ್ಲುಗಳ ನಡುವಿನ ಕೆಸರನ್ನು ನಡುಗಿಸಿದಂತೆ ಕದಡುತ್ತದೆ. ಅಡಗಿದ್ದ ಮರಿ ಮೀನು, ಸೀಗಡಿ ಬೆದರಿ ಹೊರಗೆ ಹಾರಿದೊಡನೆ ಕೊಕ್ಕು ಇಳಿಯುತ್ತದೆ. ಒಂದು ದಿನ ಹತ್ತು ಅಡಿ ದೂರದಿಂದ ಇದನ್ನು ನೋಡಿದ್ದೇನೆ. ಆ ಹಳದಿ ಪಾದ ನೀರಿನಡಿಯಲ್ಲಿ ಅದುರುತ್ತಿತ್ತು, ಮೇಲಿನ ದೇಹ, ಕತ್ತು, ಕಣ್ಣು ಒಂದಿಷ್ಟೂ ಅಲುಗಲಿಲ್ಲ. ಏಳನೆಯ ಸಲಕ್ಕೆ ಒಂದು ಬೆರಳುದ್ದದ ಮೀನು ಸಿಕ್ಕಿತು. ಅಲ್ಲಿಯವರೆಗಿನ ಆರು ಸಲವೂ ಅದು ಅಷ್ಟೇ ಶ್ರದ್ಧೆಯಿಂದ ಕಾಲಾಡಿಸಿತ್ತು.

ಇದೇ ಬೆಳಕಿನ ಬಾಗುವಿಕೆ ಮೀನಿಗೂ ಅನ್ವಯಿಸುತ್ತದೆ. ಗಾಳ ಹಿಡಿದವರು ತಿಳಿದಿರಲೇಬೇಕಾದ ವಿಷಯವಾದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೀರಿನೊಳಗಿನಿಂದ ಮೇಲೆ ನೋಡುವ ಮೀನಿಗೆ ಹೊರಗಿನ ಇಡೀ ಜಗತ್ತು ತಲೆಯ ಮೇಲಿನ ಒಂದು ದುಂಡನೆಯ ಕಿಟಕಿಯಲ್ಲಿ ಮಾತ್ರ ಕಾಣುತ್ತದೆ. ಆ ಕಿಟಕಿಯ ಕೋನ ಸುಮಾರು 97 ಡಿಗ್ರಿ. ಅದರಾಚೆಗಿನ ನೀರಿನ ಮೇಲ್ಮೈ ಕನ್ನಡಿಯಾಗಿಬಿಡುತ್ತದೆ; ಅಲ್ಲಿ ಮೀನಿಗೆ ಕಾಣುವುದು ಹೊಳೆಯ ತಳದ ಪ್ರತಿಬಿಂಬವೇ ಹೊರತು ಆಕಾಶವಲ್ಲ. ಲೆಕ್ಕ ಹಾಕಿದರೆ ಕಿಟಕಿಯ ಅಗಲ ಮೀನಿರುವ ಆಳದ ಸುಮಾರು ಎರಡೂಕಾಲು ಪಟ್ಟು. ಒಂದು ಮೀಟರ್ ಆಳದ ಮೀನಿಗೆ ಎರಡೂಕಾಲು ಮೀಟರ್ ಅಗಲದ ಕಿಟಕಿ, ಒಂದು ಗೇಣು ಆಳದ ಮೀನಿಗೆ ಎರಡು ಗೇಣಿಗಿಂತ ತುಸು ಹೆಚ್ಚಿನ ಕಿಟಕಿ. ದಂಡೆಯ ಮರ, ಆಕಾಶ, ಮನುಷ್ಯ ಎಲ್ಲವೂ ಈ ವೃತ್ತದೊಳಗೇ ಇಕ್ಕಟ್ಟಾಗಿ ತುಂಬಿಕೊಳ್ಳಬೇಕಾದ್ದರಿಂದ, ನೆಲಮಟ್ಟಕ್ಕೆ ಹತ್ತಿರವಾದ ವಸ್ತುಗಳು ವೃತ್ತದ ಅಂಚಿನಲ್ಲಿ ಹಿಸುಕಿ ಸಣ್ಣಗೆರೆಯಂತಾಗುತ್ತವೆ.

ಇದರಿಂದ ಬರುವ ಉಪಯೋಗ ನೇರವಾದದ್ದು. ಕಿಟಕಿಯ ಅಂಚಿನಿಂದ ನೋಡಿದಾಗ ಹತ್ತು ಡಿಗ್ರಿಗಿಂತ ಕೆಳಗೆ ಉಳಿಯುವ ವಸ್ತುವನ್ನು ಮೀನು ಸರಿಯಾಗಿ ಗುರುತಿಸಲಾರದು ಎಂದಿಟ್ಟುಕೊಂಡರೆ, ನೀರಿನ ಮಟ್ಟದಲ್ಲೇ 1.7 ಮೀಟರ್ ಎತ್ತರಕ್ಕೆ ನಿಂತ ಮನುಷ್ಯ ಆ ಅಂಚಿನಿಂದ ಹತ್ತು ಮೀಟರಿನಷ್ಟು ದೂರವಿರಬೇಕು. ಅದೇ ಮನುಷ್ಯ ಕುಕ್ಕರಗಾಲಿನಲ್ಲಿ ಕುಳಿತು 90 ಸೆಂಟಿಮೀಟರ್ ಎತ್ತರವಾದರೆ ಐದು ಮೀಟರ್ ಸಾಕು. ಕೊಳದ ಬಕ ಮುದುಡಿ ಕೂರುವುದೂ ಅನುಭವಿ ಗಾಳದವರು ದಂಡೆಯ ತುದಿಗೆ ಬಂದು ನಿಲ್ಲದೆ ಹಿಂದೆ ಸರಿದು ಕೂರುವುದೂ ಈ ಒಂದೇ ರೇಖಾಗಣಿತದ ಎರಡು ರೂಪಗಳು. ಇದಕ್ಕೆ ಇನ್ನೊಂದು ಮಾತನ್ನು ಸೇರಿಸಬೇಕು. ಮೀನಿನ ಎರಡೂ ಪಕ್ಕೆಗಳಲ್ಲಿ ಉದ್ದಕ್ಕೆ ಸಾಗುವ ಪಾರ್ಶ್ವರೇಖೆ ನೀರಿನ ಸಣ್ಣ ಅಲುಗಾಟವನ್ನೂ ಗ್ರಹಿಸುತ್ತದೆ. ದಂಡೆಯಲ್ಲಿ ನಿಂತು ಮಾತಾಡಿದ್ದರಿಂದ ಹೆಚ್ಚು ಕೆಡುಕಿಲ್ಲ, ಏಕೆಂದರೆ ಗಾಳಿಯ ಸದ್ದು ನೀರಿನ ಮೇಲ್ಮೈಯಲ್ಲಿ ಬಹುಪಾಲು ಹಿಂದಿರುಗಿಬಿಡುತ್ತದೆ. ಬಂಡೆಯ ಮೇಲೆ ಧಡಧಡನೆ ಕಾಲಿಟ್ಟರೆ ಮಾತ್ರ ಆ ಕಂಪನ ಕಲ್ಲಿನಿಂದ ನೀರಿಗೆ ಹರಿದು ಮಡುವಿನ ಮೀನೆಲ್ಲ ಎಚ್ಚೆತ್ತುಕೊಳ್ಳುತ್ತದೆ. ಹಕ್ಕಿಗಳಿಗೆ ಮಾತ್ರ ನಮ್ಮ ಮಾತೂ ಕೇಳುತ್ತದೆ, ನಮ್ಮ ಬಿಳಿ ಅಂಗಿಯೂ ಕಾಣುತ್ತದೆ. ಹಾಗಾಗಿ ಮಣ್ಣಿನ ಬಣ್ಣದ ಬಟ್ಟೆ, ಮೆತ್ತನೆಯ ಹೆಜ್ಜೆ, ಕಡಿಮೆ ಮಾತು ಈ ಮೂರನ್ನೂ ರೂಢಿಸಿಕೊಂಡವರಿಗೆ ನೀರಿನ ಮೇಲಿನದೂ ಕೆಳಗಿನದೂ ಒಟ್ಟಿಗೆ ಕಾಣಸಿಗುತ್ತದೆ.

ಮಿಂಚುಳ್ಳಿಗಳು ಆಳದ ಲೆಕ್ಕವನ್ನು ಮೇಲಿನಿಂದ ಬಿಡಿಸುತ್ತವೆ. ನಮ್ಮ ಹೊಳೆಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಯವು ಕಾಣುತ್ತವೆ, ನಾಲ್ಕಕ್ಕೂ ಬೇರೆ ಬೇರೆ ಜಾಗ. ಎದೆ ಬಿಳುಪಾದ, ಬೆನ್ನು ನೀಲಿಯಾದ ಗದ್ದೆ ಮಿಂಚುಳ್ಳಿ ನೀರನ್ನೇ ನೆಚ್ಚಿಕೊಂಡಿಲ್ಲ. ಅದು ಕಪ್ಪೆ, ಹಲ್ಲಿ, ಮಿಡತೆ, ಏಡಿಗಳನ್ನೂ ತಿಂದು ವಿದ್ಯುತ್ ತಂತಿಯ ಮೇಲೂ ಕಾಲ ಕಳೆಯುತ್ತದೆ. ಕೆಂಪನೆಯ ದಪ್ಪ ಕೊಕ್ಕಿನ ಹೆಮ್ಮಿಂಚುಳ್ಳಿ ಮರಗಳ ನೆರಳು ದಟ್ಟವಾಗಿರುವ ಹೊಳೆಗಳನ್ನು ಬಿಟ್ಟು ಬರುವುದು ಕಡಿಮೆ. ಕಪ್ಪು ಬಿಳಿ ಮಿಂಚುಳ್ಳಿಗೆ ಕೂರುವ ಕೊಂಬೆಯ ಹಂಗಿಲ್ಲ: ನಡುಹೊಳೆಯ ಮೇಲೆ ಗಾಳಿಯಲ್ಲೇ ರೆಕ್ಕೆ ಬಡಿಯುತ್ತಾ ನಿಂತು, ಕೊಕ್ಕನ್ನು ನೇರ ಕೆಳಗೆ ಮಾಡಿ ನೀರನ್ನು ಪರೀಕ್ಷಿಸಿ, ಒಮ್ಮೆಗೇ ಬೀಳುತ್ತದೆ. ಆದ್ದರಿಂದ ದಂಡೆಯ ಕೊಂಬೆಗಳಿಂದ ದೂರವಾದ ಬಯಲು ನೀರು ಅದರ ಪಾಲು. ಗಂಡಿನ ಎದೆಯಲ್ಲಿ ಎರಡು ಕಪ್ಪು ಪಟ್ಟಿ, ಹೆಣ್ಣಿಗೆ ನಡುವೆ ತುಂಡಾದ ಒಂದೇ ಪಟ್ಟಿ; ಒಮ್ಮೆ ಗುರುತು ಹತ್ತಿದರೆ ಮರೆಯುವುದಿಲ್ಲ.

ನಾಲ್ಕನೆಯದು ಸಣ್ಣ ಮಿಂಚುಳ್ಳಿ, ಕೊಕ್ಕೂ ಸೇರಿ 16–17 ಸೆಂಟಿಮೀಟರಿನ ಹಕ್ಕಿ. ಇದು ಕೆಳಗಿನ ಕೊಂಬೆಯಲ್ಲಿ ಕುಳಿತು ಕಾಯುತ್ತದೆ, ಮುಳುಗಿದರೂ ಹೆಚ್ಚೆಂದರೆ ಒಂದು ಮೀಟರ್. ಮನುಷ್ಯನ ಕಣ್ಣಿನಲ್ಲಿ ತೀಕ್ಷ್ಣವಾಗಿ ನೋಡುವ ಗುಳಿ ಒಂದೇ ಇದ್ದರೆ ಮಿಂಚುಳ್ಳಿಯ ಪ್ರತಿ ಕಣ್ಣಿನಲ್ಲೂ ಅಂಥವು ಎರಡಿವೆ. ಗಾಳಿಯಲ್ಲಿರುವಾಗ ಒಂದರಿಂದ ಮೀನನ್ನು ಹಿಂಬಾಲಿಸಿ, ನೀರು ಸಮೀಪಿಸಿದಂತೆ ಎರಡೂ ಕಣ್ಣುಗಳು ಒಟ್ಟಾಗಿ ದೂರವನ್ನು ಅಳೆಯಲು ಈ ಏರ್ಪಾಡು ನೆರವಾಗುತ್ತದೆ. ನೀರು ತಾಗುವ ಹೊತ್ತಿಗೆ ಕಣ್ಣಿನ ಮೇಲೆ ಪಾರದರ್ಶಕ ಪೊರೆಯೊಂದು ಸರಿದು ಬರುತ್ತದೆ. ಹಿಡಿದ ಮೀನನ್ನು ಕೊಂಬೆಗೆ ತಂದು ಎರಡು ಮೂರು ಸಲ ಬಡಿದು, ಹುರುಪೆ, ಈಜುರೆಕ್ಕೆಗಳು ಗಂಟಲಿಗೆ ತೊಡರದಂತೆ ತಲೆಯ ಕಡೆಯಿಂದ ನುಂಗುತ್ತದೆ. ಮೀನಿನ ತಲೆ ಕೊಕ್ಕಿನ ಹೊರಗಿರುವಂತೆ ಹಿಡಿದುಕೊಂಡು ಹಾರುತ್ತಿದ್ದರೆ ಅದು ತನಗಾಗಿ ಹಿಡಿದ ಮೀನಲ್ಲ, ಜೋಡಿಗೋ ಮರಿಗಳಿಗೋ ಒಯ್ಯುತ್ತಿದೆ ಎಂದು ತಿಳಿಯಬೇಕು. ಅದು ಹಾರಿದ ದಿಕ್ಕಿನಲ್ಲಿ ಎಲ್ಲೋ ಹೊಳೆಯ ಮಣ್ಣಿನ ದಂಡೆಯಲ್ಲಿ ಕೊರೆದ ಬಿಲವಿರುತ್ತದೆ. ಅಂಥ ಹಕ್ಕಿಯನ್ನು ಬಿಲದವರೆಗೆ ಬೆನ್ನಟ್ಟಬಾರದು. ನಾವು ಅಲ್ಲಿ ನಿಂತಿರುವಷ್ಟು ಹೊತ್ತೂ ಅದು ಒಳಗೆ ಹೋಗುವುದಿಲ್ಲ, ಮರಿಗಳು ಹಸಿದೇ ಇರುತ್ತವೆ.

ಇಲ್ಲಿಯವರೆಗೆ ಹೇಳಿದ ಹಕ್ಕಿಗಳಿಗೆಲ್ಲ ನೀರು ತಿಳಿಯಾಗಿರಬೇಕು. ಕದಡಿದ ನೀರಿಗೆ ಬೇರೆಯೇ ಬೇಟೆಗಾರರಿದ್ದಾರೆ. ರಂಗನತಿಟ್ಟಿನಲ್ಲೂ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲೂ ಗೂಡು ಕಟ್ಟುವ ಬಣ್ಣದ ಕೊಕ್ಕರೆ ಕಣ್ಣನ್ನು ನೆಚ್ಚಿ ಬೇಟೆಯಾಡುವುದಿಲ್ಲ. ಅರೆತೆರೆದ ಕೊಕ್ಕನ್ನು ನೀರಿನಲ್ಲಿ ಅದ್ದಿ ಅತ್ತಿತ್ತ ಆಡಿಸುತ್ತಾ ನಡೆಯುತ್ತದೆ, ಏನಾದರೂ ತಾಗಿದೊಡನೆ ಕೊಕ್ಕು ತಾನಾಗಿ ಮುಚ್ಚಿಕೊಳ್ಳುತ್ತದೆ. ಚಮಚದ ಕೊಕ್ಕಿನ ಹಕ್ಕಿಯೂ ಕುಡುಗೋಲು ಬೀಸಿದಂತೆ ತಲೆಯನ್ನು ಎಡಬಲಕ್ಕೆ ಬೀಸುತ್ತಾ ಇದೇ ಕೆಲಸ ಮಾಡುತ್ತದೆ. ಗಾಳದವರ ಅನುಭವ ಇದಕ್ಕೆ ಸರಿಜೋಡಿಯಾಗಿದೆ. ನೀರು ತಿಳಿಯಾದಾಗ ಮೀನು ಕಣ್ಣಿನಿಂದ ತಿನಿಸು ಹುಡುಕುತ್ತದೆ, ಕದಡಿದಾಗ ವಾಸನೆಯಿಂದಲೂ ಮೀಸೆಯ ಸ್ಪರ್ಶದಿಂದಲೂ ಹುಡುಕುತ್ತದೆ. ಆದ್ದರಿಂದಲೇ ಕೆಂಪು ನೀರಿನ ದಿನಗಳಲ್ಲಿ ಎರೆಹುಳು, ವಾಸನೆ ಹಾಕಿದ ರಾಗಿ ಹಿಟ್ಟಿನ ಉಂಡೆಗಳಿಗೆ ಬೆಲೆ ಬರುತ್ತದೆ, ಹೊಳೆಯುವ ತಗಡಿನ ಮೀನುಗೊಂಬೆಗಳು ಚೀಲದಲ್ಲೇ ಉಳಿಯುತ್ತವೆ.

ಮಡುವಿನ ಹಕ್ಕಿಗಳಲ್ಲಿ ನೀರುಕಾಗೆಯನ್ನು ನೋಡದವರಿಲ್ಲ. ಅದು ರೆಕ್ಕೆ ಹರಡಿ ನಿಲ್ಲುವುದೇಕೆ ಎಂಬ ಪ್ರಶ್ನೆಯನ್ನು ಕೇಳದ ಮಕ್ಕಳೂ ಇಲ್ಲ. ಬಾತುಕೋಳಿಯ ಗರಿ ನೀರನ್ನು ದೂರವಿಡುವುದರಿಂದ ಗರಿಗಳ ನಡುವೆ ಗಾಳಿ ಸಿಕ್ಕಿಕೊಂಡು ಅದು ತೇಲುತ್ತದೆ. ಮುಳುಗಬೇಕಾದ ಹಕ್ಕಿಗೆ ಈ ತೇಲುವ ಗುಣವೇ ಅಡ್ಡಿ. ನೀರುಕಾಗೆಯ ಗರಿಗಳ ಹೊರ ಅಂಚು ನೆನೆಯುತ್ತದೆ, ಮೈಗೆ ಅಂಟಿದ ಒಳಭಾಗ ನೆನೆಯುವುದಿಲ್ಲ. ನೆನೆದ ಗರಿಗಳಿಂದ ಗಾಳಿ ಹೊರಬಿದ್ದು ಹಕ್ಕಿ ಭಾರವಾಗುತ್ತದೆ, ನಾಲ್ಕೂ ಬೆರಳುಗಳನ್ನು ಜೋಡಿಸಿದ ಜಾಲಪಾದದಿಂದ ನೀರನ್ನು ಒದೆಯುತ್ತಾ ಮೀನನ್ನು ಬೆನ್ನಟ್ಟುತ್ತದೆ. ಬೇಟೆ ಮುಗಿದ ಮೇಲೆ ಒದ್ದೆ ರೆಕ್ಕೆಯನ್ನು ಒಣಗಿಸದೆ ವಿಧಿಯಿಲ್ಲ. ಹಾವಕ್ಕಿ ಇನ್ನೂ ಹೆಚ್ಚು ನೆನೆಯುವುದರಿಂದಲೇ ಮೈಯನ್ನೆಲ್ಲ ಮುಳುಗಿಸಿ ಹಾವಿನಂಥ ಕತ್ತನ್ನು ಮಾತ್ರ ಮೇಲಿಟ್ಟು ಈಜಬಲ್ಲದು. ಅದು ಮೀನನ್ನು ಬೆನ್ನಟ್ಟುವುದಕ್ಕಿಂತ ಹೊಂಚಿ ಹೊಡೆಯುವುದೇ ಹೆಚ್ಚು. ಕತ್ತಿನ ನಡುವಿನ ಮೂಳೆಗಳ ಜೋಡಣೆಯಿಂದ ಉಂಟಾದ ಡೊಂಕು ಬಿಲ್ಲಿನಂತೆ ಮಡಚಿ ಥಟ್ಟನೆ ಚಿಮ್ಮುತ್ತದೆ, ಚೂಪು ಕೊಕ್ಕು ಮೀನನ್ನು ಚುಚ್ಚುತ್ತದೆ. ಆಮೇಲೆ ಮೇಲೆದ್ದು ಮೀನನ್ನು ಗಾಳಿಗೆ ಎಸೆದು, ತಲೆಯ ಕಡೆಯಿಂದ ಬಾಯಿಗೆ ಬೀಳುವಂತೆ ಹಿಡಿಯುತ್ತದೆ. ಹೆಜ್ಜಾರ್ಲೆಗಳು ಮಾತ್ರ ಹಲವು ಸೇರಿ ಮೀನನ್ನು ಅಂಚಿಗೆ ಅಟ್ಟಿ, ಕೊಕ್ಕಿನ ಚೀಲದಲ್ಲಿ ನೀರಿನೊಂದಿಗೆ ಮೊಗೆಯುತ್ತವೆ. ತೆಪ್ಪದವರು ಎರಡು ಕಡೆಯಿಂದ ನೀರು ಬಡಿದು ಮೀನನ್ನು ಬಲೆಗೆ ಅಟ್ಟುವ ಪದ್ಧತಿಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಈ ಮಡುಗಳಲ್ಲೇ ಕಾವೇರಿಯ ದೊಡ್ಡ ಮೀನೂ ಇರುತ್ತದೆ. ದಂಡೆಯ ಜನ ಬಿಳಿ ಮೀನು ಎಂದು ಕರೆಯುವ ಮಹಸೀರ್ ಜಗತ್ತಿನ ಗಾಳಗಾರರನ್ನೆಲ್ಲ ಇಲ್ಲಿಗೆ ಸೆಳೆದಿತ್ತು. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಸೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಗಾಳದ ಮೋಜು ನಮ್ಮಲ್ಲಿ ಬ್ರಿಟಿಷರಿಂದ ಬಂತೆಂಬ ಮಾತನ್ನು ಆಗಾಗ ಕೇಳುತ್ತೇವೆ, ಅದು ಸರಿಯಲ್ಲ. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಕಡಲಿನ ಮೀನು, ಹೊಳೆಯ ಮೀನು, ಹುರುಪೆ ಇರುವುದು, ಇಲ್ಲದ್ದು ಎಂದು ವಿಂಗಡಿಸಿ, ಯಾವ ಮೀನಿಗೆ ಯಾವ ತಿನಿಸು ಎಂಬುದನ್ನು ಅಲ್ಲಿ ಹೇಳಲಾಗಿದೆ. ಬಸವಕಲ್ಯಾಣದ ನೆಲದಲ್ಲಿ ಅರಸನೊಬ್ಬ ಇಂಥ ವಿವರಗಳನ್ನು ಬರೆಸಲು ಯೋಗ್ಯವೆಂದು ಭಾವಿಸಿದ್ದನ್ನು ನೆನೆದಾಗ ನನಗೆ ಹೆಮ್ಮೆಯಾಗುತ್ತದೆ.

ಆದರೆ ಆ ದೊಡ್ಡ ಮೀನಿನ ಇಂದಿನ ಸ್ಥಿತಿ ನೋವಿನದು. ಬೆನ್ನುಬ್ಬಿದ, ಕಿತ್ತಳೆ ಬಣ್ಣದ ಈಜುರೆಕ್ಕೆಯ ಮಹಸೀರ್ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನೂರು ವರ್ಷಕ್ಕೂ ಮೀರಿ ಇದರ ಕೀರ್ತಿ ಹಬ್ಬಿದ್ದರೂ ಇದು ಯಾವ ಪ್ರಭೇದವೆಂಬುದು ಖಚಿತವಾದದ್ದು 2018ರಲ್ಲಿ. ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ವಿವರಿಸಲಾಗಿದ್ದ ಟಾರ್ ರೆಮಾದೇವಿ ಎಂಬ ಮೀನೇ ಇದು ಎಂದು ಗೊತ್ತಾಯಿತು. ಅದೇ ವರ್ಷ ಅದನ್ನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಅಣೆಕಟ್ಟು, ಮರಳು ತೆಗೆತ, ಸಿಡಿಮದ್ದು ಇವುಗಳ ಜೊತೆಗೆ ಒಳ್ಳೆಯ ಉದ್ದೇಶದ ಒಂದು ಕೆಲಸವೂ ಇದಕ್ಕೆ ಮುಳುವಾಯಿತು. ಕೃಷ್ಣೆಯ ಕೊಳ್ಳದ ನೀಲಿ ಈಜುರೆಕ್ಕೆಯ ಮಹಸೀರನ್ನು ಲೋಣಾವಳಾದ ಮರಿಕೇಂದ್ರದಲ್ಲಿ ಬೆಳೆಸಿ ಕಾವೇರಿಗೂ ಬಿಟ್ಟದ್ದರಿಂದ, ಹೊರಗಿನಿಂದ ಬಂದದ್ದು ಹೆಚ್ಚಿ ಇಲ್ಲಿಯದೇ ಆದದ್ದು ಕುಗ್ಗಿತು. ಮಹಸೀರ್ ಹೆಚ್ಚಿದೆ ಎಂದು ಎಲ್ಲರೂ ಸಂತೋಷಪಡುತ್ತಿದ್ದ ಕಾಲದಲ್ಲೇ ನಿಜವಾದ ಕಾವೇರಿಯ ಮೀನು ಕಣ್ಮರೆಯಾಗುತ್ತಿತ್ತು.

ಭೀಮೇಶ್ವರಿ, ಗಾಳಿಬೋರೆಗಳು ಸೇರಿರುವ ಕಾವೇರಿ ವನ್ಯಜೀವಿಧಾಮ 1987ರಲ್ಲಿ ಘೋಷಣೆಯಾದದ್ದು. ಅಲ್ಲಿ ಈಗ ಗಾಳ ಹಾಕುವಂತಿಲ್ಲ. ರಂಗನತಿಟ್ಟಿನಲ್ಲಿಯೂ ಹಾಗೆಯೇ. ಮಠ, ದೇವಸ್ಥಾನಗಳ ಸ್ನಾನಘಟ್ಟದ ಮೀನುಗಳು ಇನ್ನೊಂದು ರೀತಿಯಲ್ಲಿ ಉಳಿದಿವೆ: ತುಂಗೆಯ ದಂಡೆಯ ಶೃಂಗೇರಿಯಲ್ಲಿ, ಕಪಿಲಾ ಹೊಳೆಯ ಶಿಶಿಲದಲ್ಲಿ, ಕಾವೇರಿಯ ರಾಮನಾಥಪುರದಲ್ಲಿ ಅವು ದೇವರ ಮೀನುಗಳು, ಯಾರೂ ಮುಟ್ಟುವುದಿಲ್ಲ. ಅಂಥ ನಂಬಿಕೆಯ ಕಾವಲಿದ್ದ ಶಿಶಿಲದಲ್ಲೂ 1996ರಲ್ಲಿ ಯಾರೋ ವಿಷ ಬೆರೆಸಿ ಸಾವಿರಾರು ಮೀನುಗಳು ಸತ್ತವು. ಹೊಳೆಗೆ ಸಿಡಿಮದ್ದು ಎಸೆಯುವುದನ್ನೂ ವಿಷ ಹಾಕುವುದನ್ನೂ 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದು ಹೇಳಿದೆ. ಸಿಡಿಮದ್ದಿನ ಹೊಡೆತಕ್ಕೆ ಸಿಕ್ಕ ಮೀನುಗಳಲ್ಲಿ ತೇಲಿ ಬಂದವಷ್ಟೇ ಚೀಲ ಸೇರುತ್ತವೆ; ಗಾಳಿಚೀಲ ಒಡೆದು ತಳಕ್ಕೆ ಇಳಿದವೂ, ಕಲ್ಲಿನ ಸಂದಿಯ ಮರಿಗಳೂ, ಮೊಟ್ಟೆಗಳೂ ಲೆಕ್ಕಕ್ಕೆ ಸಿಗುವುದಿಲ್ಲ. ಗಾಳ ಒಂದು ಸಲಕ್ಕೆ ಒಂದೇ ಮೀನನ್ನು ಕೇಳುತ್ತದೆ ಎಂಬುದು ಅದರ ಪರವಾಗಿ ನಾನು ಹೇಳಬಹುದಾದ ಮುಖ್ಯ ಮಾತು.

ಗಾಳದ ದಾರ ಮಾತ್ರ ಹಾಗಲ್ಲ. ಹದಿನೈದು ವರ್ಷದವನಿದ್ದಾಗ ಕಲ್ಲಿಗೆ ಸಿಕ್ಕಿಕೊಂಡ ಗಾಳವನ್ನು ಕಿತ್ತು, ಸಿಕ್ಕಾದ ಎರಡು ಮಾರು ನೈಲಾನ್ ದಾರವನ್ನು ಪೊದೆಯ ಬುಡದಲ್ಲಿ ಬಿಟ್ಟು ಬಂದಿದ್ದೆ. ಮರುವಾರ ಹೋದಾಗ ಆ ದಾರ ಕೊಳದ ಬಕವೊಂದರ ಕಾಲಿಗೂ ರೆಕ್ಕೆಗೂ ಸುತ್ತಿಕೊಂಡಿತ್ತು. ಮಾವ ಟವಲಿನಲ್ಲಿ ಅದನ್ನು ಸುತ್ತಿ ಹಿಡಿದರು, ನಾನು ಬ್ಲೇಡಿನಿಂದ ಒಂದೊಂದೇ ಸುತ್ತನ್ನು ಕತ್ತರಿಸಿದೆ. ಕಾಲಿನ ಚರ್ಮದೊಳಗೆ ದಾರ ಇಳಿದಿತ್ತು. ಬಿಟ್ಟಾಗ ಹಕ್ಕಿ ಹಾರಿತು, ಆದರೆ ಆ ಕಾಲು ಮಡಚಲಿಲ್ಲ, ಜೋತುಬಿದ್ದೇ ಇತ್ತು. ನೈಲಾನ್ ಹತ್ತಿಯ ದಾರದಂತೆ ಕೊಳೆಯುವುದಿಲ್ಲ, ನೀರಿನಲ್ಲಿ ಕಾಣುವುದೂ ಇಲ್ಲ. ಮೀನಿಗೆ ಕಾಣಬಾರದೆಂದೇ ಅದನ್ನು ಹಾಗೆ ಮಾಡಿರುತ್ತಾರೆ. ಅಂದಿನಿಂದ ನನ್ನ ಚೀಲದಲ್ಲಿ ಒಂದು ಸಣ್ಣ ಡಬ್ಬಿ ಇರುತ್ತದೆ, ದಂಡೆಯಲ್ಲಿ ಸಿಕ್ಕ ದಾರವನ್ನೆಲ್ಲ, ಯಾರದೇ ಆಗಿರಲಿ, ಗೇಣುದ್ದಕ್ಕೆ ಕತ್ತರಿಸಿ ಅದರಲ್ಲಿ ತುಂಬುತ್ತೇನೆ.

ಆಳ ಹಂಚಿದ ಪಾಲಿನ ಮಾತಿಗೆ ಮರಳೋಣ. ಹೊಳೆಯ ಆಳ ನಿಂತಲ್ಲಿ ನಿಲ್ಲುವುದಿಲ್ಲ, ಅಣೆಕಟ್ಟಿನ ತೂಬು ಎತ್ತಿದಾಗಲೂ ಇಳಿಸಿದಾಗಲೂ ಪಾಲುಗಳೆಲ್ಲ ಬದಲಾಗುತ್ತವೆ. ರಂಗನತಿಟ್ಟಿನ ನಡುಗಡ್ಡೆಗಳು ಹುಟ್ಟಿದ್ದೇ 1645ರಿಂದ 1648ರ ನಡುವೆ ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ ಒಡ್ಡಿನಿಂದ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಅದು ಪಕ್ಷಿಧಾಮವಾಯಿತು, 2022ರಲ್ಲಿ ಕರ್ನಾಟಕದ ಮೊದಲ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ ಎನಿಸಿತು. ಮೇಲಿನ ಕೃಷ್ಣರಾಜಸಾಗರದಿಂದ ಭಾರಿ ನೀರು ಬಿಟ್ಟಾಗ ಅದೇ ನಡುಗಡ್ಡೆಗಳು ಮುಳುಗಿ, ತಗ್ಗಿನ ಗೂಡುಗಳು ಕೊಚ್ಚಿಹೋಗುತ್ತವೆ. ಬೇಸಿಗೆಯಲ್ಲಿ ಇದಕ್ಕೆ ತದ್ವಿರುದ್ಧ. 20 ಡಿಗ್ರಿ ತಂಪಿನ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಗೆ ಕಾದರೆ ಏಳೂವರೆ ಮಾತ್ರ. ರಾತ್ರಿಯಿಡೀ ಪಾಚಿಯೂ ಉಸಿರಾಡಿ ನಿಂತ ಮಡುವಿನ ಆಮ್ಲಜನಕ ನಸುಕಿನಲ್ಲಿ ತೀರ ಇಳಿದಿರುತ್ತದೆ. ಆಗ ಮೀನುಗಳು ಬಂಡೆಗಳ ಮೇಲೆ ನೊರೆಯೆದ್ದು ಹರಿಯುವ ಕಡೆಗೆ ಸೇರುತ್ತವೆ, ಬೆಳ್ಳಕ್ಕಿಗಳು ಸಾಲಾಗಿ ಅಲ್ಲೇ ನಿಲ್ಲುತ್ತವೆ. ಏಪ್ರಿಲ್ ತಿಂಗಳ ನಸುಕಿನಲ್ಲಿ ಅಂಥ ಜಾಗಕ್ಕೆ ಗಾಳ ಹಾಕಿದರೆ ಸುಲಭವಾಗಿ ಸಿಗುತ್ತದೆ ನಿಜ; ಆದರೆ ಉಸಿರಿಗಾಗಿ ಬಂದು ಸೇರಿದ ಮೀನನ್ನು ಹಿಡಿಯಲು ನನಗೆ ಮನಸ್ಸು ಬರುವುದಿಲ್ಲ. ಆ ತಿಂಗಳಲ್ಲಿ ದುರ್ಬೀನು ಮಾತ್ರ ಒಯ್ಯುತ್ತೇನೆ.

ನೀರಿನ ಮಟ್ಟವನ್ನೇ ನೆಚ್ಚಿ ಬದುಕುವ ಹಕ್ಕಿ ಎಂದರೆ ರಿವರ್ ಟರ್ನ್ ಎಂದು ಹೆಚ್ಚು ಪರಿಚಿತವಾದ ನದಿ ರೀವ. ಕಪ್ಪು ಟೋಪಿ, ಹಳದಿ ಕೊಕ್ಕು, ಕವಲು ಬಾಲದ ಈ ಹಕ್ಕಿ ಹಾರುತ್ತಲೇ ನೀರಿಗೆ ಧುಮುಕಿ ಮೇಲ್ಪದರದ ಮೀನನ್ನು ಹಿಡಿಯುತ್ತದೆ. ಗೂಡೆಂದು ಕಟ್ಟುವುದೇನೂ ಇಲ್ಲ; ಬೇಸಿಗೆಯಲ್ಲಿ ನೀರು ಇಳಿದು ತೆರೆದುಕೊಂಡ ಮರಳುದಿಬ್ಬದಲ್ಲೋ ಬಂಡೆಯ ತಗ್ಗಿನಲ್ಲೋ ಎರಡು ಮೂರು ಮೊಟ್ಟೆ ಇಡುತ್ತದೆ. ಮಧ್ಯಾಹ್ನದ ಬಿಸಿಲಿಗೆ ಕಲ್ಲು ಕಾದಾಗ ತಾಯಿ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿ ತಂದು ಮೊಟ್ಟೆಗಳ ಮೇಲೆ ಕೂರುತ್ತದೆ. ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ ನೀರು ಇಳಿದಂತೆ ತಲೆಯೆತ್ತುವ ದಿಬ್ಬಗಳಲ್ಲಿ ಇವುಗಳ ದೊಡ್ಡ ಸಂಸಾರವೇ ನೆರೆಯುತ್ತದೆ, ಮುಂಗಾರಿನ ನೀರು ಏರುವುದರೊಳಗೆ ಮರಿಗಳಿಗೆ ರೆಕ್ಕೆ ಬಲಿಯಬೇಕು. ಜಗತ್ತಿನ ಮಟ್ಟದಲ್ಲಿ ಇದೂ ಅಪಾಯಕ್ಕೆ ಈಡಾಗಬಲ್ಲ ಹಕ್ಕಿಗಳ ಪಟ್ಟಿಯಲ್ಲಿದೆ. ಮರಳು ತೆಗೆದ ಹೊಳೆಯಲ್ಲಿ ರೀವಕ್ಕೆ ದಿಬ್ಬವೂ ಉಳಿಯುವುದಿಲ್ಲ, ದಂಡೆ ಕುಸಿದು ಮಿಂಚುಳ್ಳಿಗೆ ಬಿಲ ಕೊರೆಯಲು ಮಣ್ಣಿನ ಗೋಡೆಯೂ ಉಳಿಯುವುದಿಲ್ಲ. ಮಾರ್ಚಿನಿಂದ ಮೇ ಕೊನೆಯವರೆಗೆ ತೆಪ್ಪದಲ್ಲಿ ಹೋಗುವವರು ಬರಿಯ ಬಂಡೆ ಎಂದು ತೋರುವ ದಿಬ್ಬದ ಮೇಲೆ ಇಳಿಯಬಾರದು. ಮೊಟ್ಟೆಗಳ ಬಣ್ಣ ಮರಳಿನದೇ ಆಗಿರುವುದರಿಂದ ಕಾಲಡಿಗೆ ಬರುವವರೆಗೂ ಕಾಣುವುದಿಲ್ಲ; ತಲೆಯ ಮೇಲೆ ಹಕ್ಕಿಗಳು ಚೀರುತ್ತಾ ಸುತ್ತತೊಡಗಿದರೆ ಅದೇ ಎಚ್ಚರಿಕೆ.

ಜೂನ್ ತಿಂಗಳ ಮೊದಲ ಜೋರುಮಳೆಗೆ ಹೊಳೆ ಕೆಂಪಾಗುತ್ತದೆ. ತಿಳಿನೀರನ್ನೇ ನೆಚ್ಚಿದ ಸಣ್ಣ ಮಿಂಚುಳ್ಳಿ ಹೊಳೆ ಬಿಟ್ಟು ಕೆರೆ, ಕಾಲುವೆಗಳ ಕಡೆಗೆ ಸರಿಯುತ್ತದೆ. ಮಲೆನಾಡಿನಲ್ಲಿ ಮೀನುಗಳು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ತೋಡಿಗೆ ಏರತೊಡಗುತ್ತವೆ, ಇವೇ ಹತ್ತುಮೀನು. ಅವು ಏರುವುದು ಮೊಟ್ಟೆ ಇಡಲು, ಮರಿಗಳಿಗೆ ತೆಳುನೀರೂ ಹುಳುಹುಪ್ಪಟೆಯೂ ಸಿಗುವ ಜಾಗ ಹುಡುಕಲು. ಆ ರಾತ್ರಿಗಳಲ್ಲಿ ಬ್ಯಾಟರಿ, ಕತ್ತಿ, ಮೀನು ಹಿಡಿಯುವ ಬಿದಿರಿನ ಬುಟ್ಟಿಯಾದ ಕೂಳಿ ಹಿಡಿದು ಹೊರಡುವ ಸಂಭ್ರಮ ಎಂಥದೆಂದು ಬಲ್ಲೆ, ನಾನೂ ಹೋಗಿದ್ದೇನೆ. ಆದರೆ ತೋಡಿನ ಬಾಯಿಗೆ ಅಡ್ಡಲಾಗಿ ಕೂಳಿ ಇಟ್ಟರೆ ಸಿಗುವ ಮೀನುಗಳೆಲ್ಲವೂ ಮೊಟ್ಟೆ ತುಂಬಿದವೇ. ತೋಡಿನ ಅರ್ಧವನ್ನಾದರೂ ತೆರೆದುಬಿಡುವ ಹಿರಿಯರು ಕೆಲವು ಊರುಗಳಲ್ಲಿ ಈಗಲೂ ಇದ್ದಾರೆ. ಅಂಥ ಗದ್ದೆಗೆ ಆಗಸ್ಟಿನಲ್ಲಿ ಹೋದರೆ ನಾಟಿಯ ಸಾಲುಗಳ ನಡುವೆ ಬೆರಳುಗುರಿನಷ್ಟು ಮರಿಗಳು ಹಿಂಡುಹಿಂಡಾಗಿ ತಿರುಗುತ್ತಿರುತ್ತವೆ, ಬದುವಿನ ಮೇಲೆ ಕೊಳದ ಬಕ ಮುದುಡಿ ಕುಳಿತಿರುತ್ತದೆ.